ಅವ್ವನ ಬೈಗುಳಕ್ಕೊಂದು ಹೆಸರು

“ಏನ್ರೀ ಮೇಡಂ, ನನ್ನ ಮಗಳಿಗಿ ಎಂಥಾ ಬೈಗುಳ ಕಲಿಸೀರಿ?”

ಹೂವಿನಹಡಗಲಿ ಬಸ್ ನಿಲ್ದಾಣದ ಮುಂದೆ ಮಲ್ಲಿಗೆ ಮಾರುವ ಹೆಂಗಸು ಹೀಗೆ ಕೇಳಿ ನನ್ನನ್ನು ತಡೆದಳು. ಆಕೆಯ ಮಗಳು ರೇಣುಕಾ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ಆ ವಾರ ನಾನು ಅಲಂಕಾರಗಳ ಪಾಠ ಮಾಡಿ, ಮನೆಮಂದಿಯ ಮಾತಿನಲ್ಲೇ ಉದಾಹರಣೆ ಹುಡುಕಿ ತನ್ನಿ ಎಂದಿದ್ದೆ.

“ಎಮ್ಮಿ ಬಿದ್ಕೊಂಡಂಗ ಬಿದ್ದೀಯಲ್ಲ, ಏಳು ಅಂದ್ರ ‘ಉಪಮೆ’ ಅಂತಾಳ. ಕೂಗಿ ಕೂಗಿ ಗಂಟಲು ಹರಿದುಹೋತು ಅಂದ್ರ ‘ಅತಿಶಯೋಕ್ತಿ’ ಅಂತಾಳ. ಹೆತ್ತಾಕಿಗಿ ಹಿಂಗ ಬೈಬಹುದೇನ್ರಿ?” ಆಕೆಯ ಕಣ್ಣು ತುಂಬಿತ್ತು.

ಅವು ಬೈಗುಳವಲ್ಲ, ಕವಿಗಳು ಮಾತನ್ನು ಚೆಂದಗಾಣಿಸುವ ಬಗೆಗಳಿಗೆ ಇಟ್ಟ ಹೆಸರು ಎಂದು ಬಿಡಿಸಿ ಹೇಳಿದೆ. ಹೂವಿಗೆ ನೀರು ಚಿಮುಕಿಸುತ್ತಿದ್ದ ಕೈ ಅಲ್ಲೇ ನಿಂತಿತು.

“ಹಂಗಾರ ಕವಿಗಳೂ ನನ್ನಂಗ ಮಾತಾಡ್ತಾರ?”

“ಹೌದ್ರಿ” ಎಂದೆ. ಆಕೆ ನಕ್ಕು ಒಂದು ಮೊಳ ಮಲ್ಲಿಗೆ ಅಳೆದು, ನಾನು ಕೇಳದಿದ್ದರೂ ಗೇಣುದ್ದ ಕೊಸರು ಸೇರಿಸಿ ಕೊಟ್ಟಳು.

ಶಾಲೆಯಲ್ಲಿ ಆ ಪಾಠ ಮುಗಿದಿದೆ. ರೇಣುಕಾಳ ಮನೆಯಲ್ಲಿ ಮಾತ್ರ ಇನ್ನೂ ನಡೆದಿದೆಯಂತೆ. ಅವ್ವ ಈಗ ಮನಸಾರೆ ಬೈದು, ಉಸಿರು ತೆಗೆದುಕೊಂಡು ತಾನೇ ಕೇಳುತ್ತಾಳಂತೆ: “ಇದು ಯಾವ್ದಲೇ, ಹೇಳು?”