ಅಡೆಲ್ಮೊನ ಬೀಗದ ಕೈ

ಅಡೆಲ್ಮೊ ಕರುಣೆಯಿಲ್ಲದ ಮನುಷ್ಯ. ಅವನ ಚೀಸ್ ಅಂಗಡಿಯ ಮೇಲಿನ ಮನೆಯಲ್ಲಿದ್ದುಕೊಂಡೇ ಶಾಲೆಯಲ್ಲಿ ಪಾಠ ಹೇಳಿ ಮುದುಕಿಯಾದವಳು ನಾನು, ತಿಳಿದೇ ಹೇಳುತ್ತಿದ್ದೇನೆ. ಗಾಲಿಯಾಕಾರದ ದೊಡ್ಡ ಚೀಸ್ ಗಟ್ಟಿಯನ್ನು ಸುತ್ತಿಗೆಯಿಂದ ತಟ್ಟುವನು. ಒಳಗೆ ಟೊಳ್ಳು ಕೇಳಿಸಿದರೆ ತಂದವನ ಮುಖವನ್ನೂ ನೋಡದೆ ಹೊರಗೆ ಉರುಳಿಸುವನು. ಒಪೆರಾಕ್ಕೂ ಅದೇ ನ್ಯಾಯ.

ನಮ್ಮ ಪಾರ್ಮಾದ ರಂಗಮಂದಿರದಲ್ಲಿ ಅವನ ಜಾಗ ತುತ್ತತುದಿಯ ಅಗ್ಗದ ಅಟ್ಟಣಿಗೆ. ಹಾಡು ಹಿಡಿಸದಿದ್ದರೆ ಮನೆಯ ಕಬ್ಬಿಣದ ಬೀಗದ ಕೈ ತೆಗೆದು, ಅದರ ಟೊಳ್ಳು ಕೊಳವೆಯನ್ನು ತುಟಿಗಿಟ್ಟು ಸಿಳ್ಳೆ ಊದುತ್ತಿದ್ದ. ಅಟ್ಟಣಿಗೆಯ ಉಳಿದವರು ಅವನಿಗಾಗಿ ಕಾದಿದ್ದು ತಮ್ಮ ತಮ್ಮ ಬೀಗದ ಕೈ ಊದುತ್ತಿದ್ದರು.

ವಾಲ್ದೇಸಿ ಎಂಬ ಯುವಕನ ಹೊಸ ಒಪೆರಾ ಒಂದು ಚಳಿಗಾಲ ಮಿಲಾನಿನಲ್ಲಿ ಮೊದಲ ದಿನವೇ ಮಣ್ಣುಮುಕ್ಕಿತು. ಅಡೆಲ್ಮೊ ರೈಲು ಹತ್ತಿ ಅಲ್ಲಿಗೂ ಹೋಗಿ ಊದಿಬಂದಿದ್ದ. ವಾಲ್ದೇಸಿ ಉದ್ದನೆಯ ಎರಡನೆಯ ಅಂಕವನ್ನು ಎರಡಾಗಿ ಕಡಿದು, ನಾಯಕಿಯ ಕೊನೆಯ ಹಾಡನ್ನು ಹೊಸದಾಗಿ ಬರೆದು, ವಸಂತದಲ್ಲಿ ಪಾರ್ಮಾಕ್ಕೆ ತಂದ. ಇಲ್ಲೂ ಸಿಳ್ಳೆ ಬಿದ್ದರೆ ಅದನ್ನು ಇನ್ನಾರೂ ಆಡಿಸುವಂತಿರಲಿಲ್ಲ. ಅವನು ನೇರವಾಗಿ ಅಂಗಡಿಗೇ ಬಂದ.

"ಯಜಮಾನ್ರೇ, ಈ ಸಲ ಕೊನೇವರೆಗೂ ಕೇಳಿ."

"ಹೊಗಳಿಸ್ಕೋಬೇಕಾದ್ರೆ ನಿಮ್ಮಮ್ಮನ ಹತ್ರ ಹೋಗಪ್ಪ. ಇಲ್ಲಿ ಚೀಸ್ ಸಿಗುತ್ತೆ."

"ಹೊಗಳೋದು ಬೇಡ. ಕೇಳಿದ್ರೆ ಸಾಕು."

ಅಡೆಲ್ಮೊ ಸುತ್ತಿಗೆ ಎತ್ತಿಕೊಂಡು ಚೀಸ್ ತಟ್ಟತೊಡಗಿದ.

ಭಾನುವಾರ ಮಧ್ಯಾಹ್ನ ರಂಗಮಂದಿರದಲ್ಲಿ ಅವನ ಪಕ್ಕ ನಾನೇ ಕೂತಿದ್ದೆ. ತೆರೆ ಏಳುವ ಮುಂಚೆ ಅವನು ಬ್ರೆಡ್ಡಿನ ತಿರುಳನ್ನು ಕಿತ್ತು ತೆಗೆದು, ಗಟ್ಟಿ ಅಂಚನ್ನಷ್ಟೇ ತಿನ್ನುತ್ತಿದ್ದ. ಎರಡನೆಯ ಅಂಕದಲ್ಲಿ, ಮಿಲಾನಿನಲ್ಲಿ ಗಲಾಟೆಯೆದ್ದ ಅದೇ ಜಾಗ ಬಂದಾಗ, ಅಟ್ಟಣಿಗೆಯೆಲ್ಲ ಇವನತ್ತ ತಿರುಗಿತು. ಬೀಗದ ಕೈ ಇವನ ಮುಷ್ಟಿಯಲ್ಲಿತ್ತು.

"ಏನಣ್ಣ, ತುಕ್ಕು ಹಿಡೀತಾ?" ಎಂದ ಹಿಂದಿನವನೊಬ್ಬ.

"ಬಾಯ್ಮುಚ್ಕೊಂಡು ಕೇಳೋ, ಕತ್ತೆ!"

ಅವನು ಊದಲಿಲ್ಲ, ಆದ್ದರಿಂದ ಯಾರೂ ಊದಲಿಲ್ಲ. ಕೊನೆಯ ಹಾಡು ಮೊದಲ ಬಾರಿಗೆ ಪೂರ್ತಿ ಕೇಳಿಸಿತು. ಜನ ಎದ್ದುನಿಂತು ಅದನ್ನು ಮತ್ತೆ ಹಾಡಿಸಿದರು. ಇಂದು ಅದನ್ನು ಗುನುಗದ ಅಡುಗೆಮನೆ ಪಾರ್ಮಾದಲ್ಲಿಲ್ಲ.

ಅಡೆಲ್ಮೊ ಚಪ್ಪಾಳೆ ತಟ್ಟಲಿಲ್ಲ. "ಮೊದಲನೇ ಅಂಕ ಇನ್ನೂ ಟೊಳ್ಳು," ಎಂದು ಎದ್ದುಹೋದ.

ಮರುದಿನ ಕೆಳಗಿಳಿದರೆ ಅವನ ಹೆಂಡತಿ ಕ್ಲೇಲಿಯಾ ಅಂಗಡಿಯ ಹೊಸ್ತಿಲಲ್ಲಿ ಕೂತು ಹೇರ್‌ಪಿನ್ನಿನಿಂದ ಬೀಗದ ಕೈಯ ಕೊಳವೆಯನ್ನು ಕೆದಕುತ್ತಿದ್ದಳು.

"ನೋಡಿ ಟೀಚರಮ್ಮ, ನಿನ್ನೆ ಇವರಿಗೆ ಬಾಗಿಲು ತೆಗೆಯೋಕೇ ಆಗ್ಲಿಲ್ವಂತೆ. ನಾನು ತಂಗಿ ಮನೆಯಿಂದ ಬಂದ್ರೆ, ಈ ವಯಸ್ಸಲ್ಲಿ ಕಿಟಕೀಲಿ ನೇತಾಡ್ತಿದ್ರು! ಯಾರೋ ಇದರೊಳಗೆ ಬ್ರೆಡ್ಡಿನ ತಿರುಳು ತುರುಕಿದ್ದಾರೆ, ಬೀಗದೊಳಗಿನ ಕಡ್ಡಿ ಹೋಗೋಕೇ ಜಾಗ ಇಲ್ಲ."

ನಾನು ಒಳಗೆ ನೋಡಿದೆ. ಅಡೆಲ್ಮೊ ಚೀಸ್ ತಟ್ಟುತ್ತಿದ್ದ.

"ಪೋಲಿ ಹುಡುಗರ ಕೆಲಸ," ಎಂದ, ತಲೆಯೆತ್ತದೆ.