ಮೋಟಾರಿನ ಸದ್ದು ನಂಬಿದವನು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೆಕ್ಯಾನಿಕ್ ಭ್ರೂಣ ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದ. ನಾಲ್ಕು ದಿನ ಮುಗಿದಿತ್ತು, ಒಳಗಿನ ಯಂತ್ರವನ್ನು ನಿಲ್ಲಿಸಬೇಕಿತ್ತು. ಮೋಟಾರು ಗುಂಯ್‌ಗುಡುತ್ತಿತ್ತು, ಅದು ತಿರುಗಿಸಬೇಕಿದ್ದ, ಇಲಿಯ ಭ್ರೂಣಗಳಿದ್ದ ಚೌಕಟ್ಟು ಮಾತ್ರ ಕೆಸರಿಗಿಳಿದ ಎಮ್ಮೆಯಂತೆ, ಭಾನುವಾರ ಇಟ್ಟ ಭಂಗಿಯಲ್ಲೇ ಅಲುಗದೆ ನಿಂತಿತ್ತು.

ಅವನು ಬಗ್ಗಿ ತಳ ನೋಡಿದ.

ಮೊದಲು ಮಿಕ್ಸಿ ರಿಪೇರಿ ಮಾಡುತ್ತಿದ್ದವನು ಈ ಪ್ರಯೋಗಾಲಯಕ್ಕೆ ಬಂದು ಒಂಬತ್ತು ವರ್ಷ. ಚೌಕಟ್ಟು ಎಲ್ಲ ದಿಕ್ಕಿಗೂ ತಿರುಗುತ್ತಿದ್ದರೆ ಭ್ರೂಣಕ್ಕೆ ಮೇಲು ಕೆಳಗು ತಿಳಿಯುವುದಿಲ್ಲ. ಬಾಹ್ಯಾಕಾಶದಲ್ಲಿ ತೂಕ ಕಳೆದುಕೊಂಡ ಹಾಗೆ; ಅಲ್ಲಿ ಬಸಿರು ನಿಲ್ಲುತ್ತದೆಯೇ ಎಂದು ನೋಡುವ ಪ್ರಯೋಗ ಅದು. ಹಾಗೆ ತಿರುಗಿದಾಗಲೂ ಅಂಡ ಫಲಿಸುತ್ತಿತ್ತು, ಆದರೆ ಆಮೇಲೆ ನೆಟ್ಟಗೆ ಬೆಳೆಯುವವು ಕಡಿಮೆ. "ಮನೆ ಫ್ಯಾನ್ ತಿರುಗಿಸೋಕೆ ಪುರುಸೊತ್ತಿಲ್ಲ, ಇಲಿ ಬಸಿರು ತಿರುಗಿಸ್ತಾನಂತೆ ನಮ್ಮ ಗಿರಗಿಟ್ಲೆ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ನಾಲ್ಕು ದಿನ ಬಾಗಿಲು ತೆರೆಯುವಂತಿಲ್ಲ. ದಿನಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಡುಕ ನೋಡುವುದು ಅವನ ರೂಢಿ. ಮೋಟಾರಿನ ನಡುಕವನ್ನೇ ಚೌಕಟ್ಟಿನದೆಂದು ನಂಬಿದ್ದ. ಚೌಕಟ್ಟನ್ನು ಮೋಟಾರಿಗೆ ಹಿಡಿದಿಡಲು ತಾನೇ ಬಿಗಿ ಮಾಡಿದ್ದ ತಿರುಪು ಕಳಚಿ ತಳದಲ್ಲಿ ಬಿದ್ದಿತ್ತು. ಹೋದ ತಿಂಗಳು ಒಂದು ಬ್ಯಾಚು ಕೆಟ್ಟಾಗಲೇ ಮುಖ್ಯಸ್ಥರು, "ಇನ್ನೊಂದ್ಸಲ ಹೀಗಾದ್ರೆ ಬೇರೆ ಕೆಲಸ ನೋಡ್ಕೊಳ್ಳಿ" ಅಂದಿದ್ದರು.

ತಿರುಪನ್ನು ಜೇಬಿಗೆ ಹಾಕಿಕೊಂಡ. ತಟ್ಟೆಗಳನ್ನು ಒಯ್ದು ಸಂಶೋಧಕಿಯ ಸೂಕ್ಷ್ಮದರ್ಶಕದ ಪಕ್ಕದಲ್ಲಿಟ್ಟ. ನೆಟ್ಟಗೆ ಬೆಳೆದವನ್ನು ಅವಳು ಅರ್ಧ ಗಂಟೆ ಎಣಿಸಿದಳು. ಅವನು ಗೋಡೆಗೊರಗಿ ನಿಂತಿದ್ದ.

"ಐವತ್ತರಲ್ಲಿ ನಲವತ್ತೊಂದು," ಅಂದಳು, ಕಣ್ಣು ತೆಗೆಯದೆ. "ಹೋದ ಸಲ ಬರೀ ಹದಿನೇಳು. ನಿಮ್ಮ ಕೈಗುಣ ಕಣಣ್ಣ."

ಅವಳು ಮುಖ್ಯಸ್ಥರಿಗೆ ಹೇಳಲು ಫೋನ್ ಎತ್ತಿಕೊಂಡಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ತೂಕವಿಲ್ಲದ ಕಡೆಯೂ ಬಸಿರು ಚೆನ್ನಾಗೇ ನಿಲ್ಲುತ್ತದೆಂದು ವರದಿ ಓದಿದವರು ನಂಬುತ್ತಾರೆ. ನಾಳೆ ಯಾವಳೋ ಹೆಣ್ಣುಮಗಳು ಅದನ್ನೇ ನಂಬಿ ಬಾಹ್ಯಾಕಾಶಕ್ಕೆ ಹೋದಾಳು.

"ಮಾಡ್ಬೇಡಿ ಮೇಡಂ."

"ಯಾಕೆ?"

"ಅವು ತಿರುಗೇ ಇಲ್ಲ." ತಿರುಪನ್ನು ಮೇಜಿನ ಮೇಲಿಟ್ಟ. "ಮೋಟಾರು ಓಡ್ತಿತ್ತು. ನಾನು ಅದನ್ನೇ ನಂಬ್ಕೊಂಡೆ."

ಅವಳು ತಿರುಪನ್ನು ನೋಡಿದಳು, ಅವನ ಮುಖ ನೋಡಲಿಲ್ಲ. "ಎಷ್ಟು ದಿನ?"

"ನಾಲ್ಕೂ."

"ನೀವು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಗೊತ್ತು. ಅದಕ್ಕೇ ಹೇಳ್ದೆ."

ಅವಳು ಮುಖ್ಯಸ್ಥರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಧ್ಯಾಹ್ನ ಎರಡಕ್ಕೆ ತಮ್ಮ ಕೋಣೆಗೆ ಬರಬೇಕೆಂದು ಮುಖ್ಯಸ್ಥರು ಅವನಿಗೆ ಹೇಳಿಕಳಿಸಿದರು.