ಎಣಿಸದೆ ಬಿಸಾಡಿದ ಕಡ್ಡಿಗಳು

1973ರಲ್ಲಿ ನಾನು ಚಿಕಾಗೋದ ಒಂದು ಖಾಸಗಿ ಗ್ರಂಥಾಲಯದಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಹಳೇ ಕಾಗದಗಳ ಡಾಕ್ಟರ್ ಅಂತಿಟ್ಟುಕೊಳ್ಳಿ: ಧೂಳು ತೆಗೆಯುವುದು, ಹರಿದದ್ದಕ್ಕೆ ತೆಳು ಕಾಗದ ಅಂಟಿಸುವುದು, ಹುಳ ಹತ್ತದ ಹಾಗೆ ಕಾಯುವುದು. ಊರಾಚೆಯ ಲೊಂಬಾರ್ಡಿನಿಂದ ದಿನಾ ಟ್ರೇನಿನಲ್ಲಿ ಹೋಗಿಬರುತ್ತಿದ್ದೆ. ಮೈಸೂರಿನವಳು, ಚೊಕ್ಕಟದ ಹುಚ್ಚು ಸ್ವಲ್ಪ ಜಾಸ್ತಿ. ಎಲ್ಲರೂ ಹೊಗಳುತ್ತಿದ್ದರು, ನಾನೂ ಬೀಗುತ್ತಿದ್ದೆ.

ಆ ಚಳಿಗಾಲ ಒಬ್ಬ ಏಜೆಂಟನ ಪತ್ರಗಳ ಪೆಟ್ಟಿಗೆ ನನ್ನ ಕೈಗೆ ಬಂತು. ಅಮೆರಿಕ ದೇಶ ಹುಟ್ಟಿದ ಹೊಸದರಲ್ಲಿ, ದಕ್ಷಿಣದ ಗಡಿಯ ಕ್ರೀಕ್ ಎಂಬ ಮೂಲನಿವಾಸಿ ಜನರ ಜೊತೆ ಜಮೀನಿನ ಒಪ್ಪಂದದ ಮಾತುಕತೆಗೆಂದು ಸರ್ಕಾರ ಕಳಿಸಿದ್ದ ಮನುಷ್ಯ ಅವನು. ಒಂದು ಪತ್ರದ ಮಡಿಕೆಯಲ್ಲಿ ಬೆರಳುದ್ದದ ಒಣ ಕಡ್ಡಿಗಳ ಕಟ್ಟಿತ್ತು. ಒಂದೆರಡರಲ್ಲಿ ಹುಳದ ತೂತು. ಅಯ್ಯೋ, ಪೆಟ್ಟಿಗೆಗೆಲ್ಲ ಹತ್ತೀತು ಅಂತ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ರಿಪೋರ್ಟಿನಲ್ಲಿ ‘ಕಸಕಡ್ಡಿ ತೆಗೆಯಲಾಗಿದೆ’ ಎಂದು ಬರೆದು ಸಹಿ ಮಾಡಿದೆ. ಎರಡು ನಿಮಿಷದ ಕೆಲಸ.

ಮೇ ತಿಂಗಳಲ್ಲಿ ಡೆಟ್ರಾಯಿಟ್‌ನಿಂದ ಅಮೋಸ್ ಎಂಬ ಹಿರಿಯರು ಬಸ್ಸಿನಲ್ಲಿ ಬಂದರು. ಕ್ರೀಕ್ ಜನಾಂಗದವರು, ಕಾರ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ಗ್ರಂಥಾಲಯದ ಪಟ್ಟಿಯಲ್ಲಿ ಕಂಡಿದ್ದ ಆ ಪತ್ರವನ್ನೇ ಕೇಳಿ ತರಿಸಿಕೊಂಡರು. ಓದಿ ಮುಗಿಸಿ, ನನ್ನನ್ನು ಕರೆಸಿ, “ಇದರ ಜೊತೆ ಕಡ್ಡಿ ಕಟ್ಟು ಇರಬೇಕಲ್ಲ?” ಅಂದರು. ಪತ್ರದಲ್ಲೇ ಹಾಗೆಂದು ಬರೆದಿತ್ತಂತೆ. ನಾನು ಕಾಗದ ರಿಪೇರಿ ಮಾಡಿದ್ದೆ, ಓದಿರಲಿಲ್ಲ.

ಅವರೇ ವಿವರಿಸಿದರು. ಸಭೆಗೆ ಕರೆಯುವಾಗ ಊರೂರಿಗೆ ಎಣಿಸಿದ ಕಡ್ಡಿ ಕಳಿಸುವುದು ಕ್ರೀಕ್ ಪದ್ಧತಿ. ದಿನಕ್ಕೊಂದು ಬಿಸಾಡಬೇಕು, ಕಡ್ಡಿ ಮುಗಿದ ದಿನ ಸಭೆ. ಕರೆದವರೂ ಅಷ್ಟೇ ಕಡ್ಡಿಯ ಜೋಡಿ ಕಟ್ಟನ್ನು ಲೆಕ್ಕಕ್ಕೆಂದು ಹಾಗೇ ಇಟ್ಟುಕೊಳ್ಳುತ್ತಿದ್ದರು. ಅಮೋಸರ ಪೂರ್ವಜ ಒಂದು ಊರಿನ ಮುಖ್ಯಸ್ಥ, ಜಮೀನು ಬಿಡುವುದಿಲ್ಲ ಎಂದು ಹಠ ಹಿಡಿದಿದ್ದವನು. ಅವನಿಗೆ ಏಜೆಂಟ್ ಕಳಿಸಿದ ಕಟ್ಟಿನ ಜೋಡಿಯೇ ಆ ಪತ್ರದಲ್ಲಿದ್ದದ್ದು. ಕಡ್ಡಿ ಮುಗಿದ ದಿನವೇ ಹೋದ. ಅಷ್ಟರಲ್ಲಿ ಸಭೆ ಮುಗಿದು ಮೂರು ದಿನವಾಗಿತ್ತು, ಜಮೀನೂ ಹೋಗಿತ್ತು. ಏಜೆಂಟನ ಜೊತೆ ಶಾಮೀಲಾಗಿ ಬೇಕಂತಲೇ ತಡ ಮಾಡಿದ ಎಂದು ಸ್ವಂತ ಜನರೇ ದೂರಿದರು.

“ಬೇರೆ ಊರುಗಳಿಗೆ ಹತ್ತು ಕಡ್ಡಿ, ನಮ್ಮವರಿಗೆ ಹದಿಮೂರು ಕೊಟ್ಟು ಮೋಸ ಮಾಡಿದರು ಅಂತ ನಮ್ಮ ಮನೆ ಮಾತು. ನಮ್ಮ ಜನ ಈಗಿರೋ ಒಕ್ಲಹೋಮಾದಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ಇವತ್ತಿಗೂ ಅಲ್ಲಿ ನಮ್ಮನ್ನ ದ್ರೋಹಿ ಮನೆಯವರು ಅಂತಾರೆ. ಅವಳು ಕಣ್ಣು ಮುಚ್ಚೋದರೊಳಗೆ ಎಣಿಸಿ ಹೇಳೋಣ ಅಂತ ಬಂದೆ.”

“ಬಿಸಾಡಿಬಿಟ್ಟೆ,” ಅಂದೆ.

“ಎಷ್ಟಿದ್ದವು?”

ನಿಮ್ಮ ಹತ್ತಿರ ಸುಳ್ಳೇಕೆ, ಹದಿಮೂರು ಅಂದುಬಿಡಲೇ ಅನ್ನಿಸಿತು. ಯಾರು ಕೇಳೋರು? ಆದರೆ ಅವರ ಮುಖ ನೋಡಿ ಬಾಯಿ ಬರಲಿಲ್ಲ. “ಎಣಿಸಲಿಲ್ಲ. ಹತ್ತಕ್ಕಿಂತ ಹೆಚ್ಚೇ ಇದ್ದವೇನೋ...”

“‘ಏನೋ’ ಬೇಡ ಮ್ಯಾಡಮ್. ಅದು ನಮ್ಮ ಮನೇಲೇ ಬೇಕಾದಷ್ಟಿದೆ.”

ಅಳು ಬಂತು, ಅವರೆದುರಿಗೇ ಅತ್ತೆ. ತಪ್ಪು ನನ್ನದು, ಬರೆದುಕೊಡುತ್ತೇನೆ ಅಂದೆ. ಅವರು ರೇಗಲಿಲ್ಲ. ನಿಧಾನವಾಗಿ ಎದ್ದು ಟೋಪಿ ಹಾಕಿಕೊಂಡರು. “ನಮ್ಮ ಹಿರಿಯಜ್ಜ ಎಣಿಸಿದ್ದ ಮ್ಯಾಡಮ್. ದಿನಾ ಎಣಿಸಿದ್ದ,” ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತಾರೆ. ಅನ್ನುವವರಿಗೇನು, ಸುಲಭ. ಶುಚಿ ಮಾಡುವ ಮುಂಚೆ ಓದಿ, ತೆಗೆಯುವ ಮುಂಚೆ ಎಣಿಸಿ ಎಂದು ನನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಆ ಬುದ್ಧಿ ನನಗೆ ಬರುವಷ್ಟರಲ್ಲಿ ಒಂದು ಮನೆತನದ ಮರ್ಯಾದೆ ಉಳಿಸಬಹುದಿದ್ದ ಸಾಕ್ಷಿ ನನ್ನ ಕೈಯಿಂದಲೇ ಹೋಗಿತ್ತು.